‘ಇದು ಯಾರ ಕಡೆಯಿಂದ ಬಂತು?’: ಸೀಲಿಯಾಕ್ ಮತ್ತು ಮನೆಮಂದಿ

ಹೋದ ತಿಂಗಳು ಗೋಧಿ ಒಗ್ಗದ ಮಕ್ಕಳ ಬಗ್ಗೆ ಬರೆದಿದ್ದೆ. ಅದನ್ನು ಓದದವರಿಗೆ ಇಲ್ಲಿ ಚಿಕ್ಕದಾಗಿ ಹೇಳುತ್ತೇನೆ. ಸೀಲಿಯಾಕ್ ಅಲರ್ಜಿ ಅಲ್ಲ. ಗೋಧಿ, ಬಾರ್ಲಿ, ರೈ ಕಾಳುಗಳಲ್ಲಿ ಗ್ಲುಟೆನ್ ಎಂಬ ಪ್ರೋಟೀನ್ ಇರುತ್ತದೆ. ಕೆಲವರಲ್ಲಿ ಅದು ಹೊಟ್ಟೆಗೆ ಹೋದರೆ ಸಾಕು, ಮೈಯ ರೋಗನಿರೋಧಕ ವ್ಯವಸ್ಥೆ ಸ್ವಂತ ಕರುಳಿನ ಮೇಲೇ ತಿರುಗಿ ಬೀಳುತ್ತದೆ. ಸಣ್ಣ ಕರುಳಿನ ಒಳಮೈಯಲ್ಲಿ ಆಹಾರ ಹೀರುವ ಪುಟ್ಟ ಪುಟ್ಟ ಎಳೆಗಳಿವೆ. ಅವು ಸವೆದು ಚಪ್ಪಟೆಯಾಗುತ್ತವೆ. ಉಂಡಿದ್ದು ಮೈಗೆ ಹತ್ತುವುದಿಲ್ಲ. ಇದಕ್ಕೆ ಗುಳಿಗೆ ಇಲ್ಲ, ಗ್ಲುಟೆನ್ ಪೂರ್ತಿ ಬಿಡುವುದೇ ಚಿಕಿತ್ಸೆ. ಅದೂ ಜೀವನಪೂರ್ತಿ.

ಆ ಅಂಕಣಕ್ಕೆ ಬಂದ ಪತ್ರಗಳಲ್ಲಿ ಹೆಚ್ಚಿನವು ಮನೆಮಂದಿಯ ಬಗ್ಗೆಯೇ ಇದ್ದವು. ಒಬ್ಬರಿಗೆ ಬಂದರೆ ಉಳಿದವರ ಗತಿ ಏನು ಎಂಬ ಚಿಂತೆ. ಹಾಗಾಗಿ ಈ ಸಲದ ಜಾಗ ಪೂರ್ತಿ ಅದಕ್ಕೇ. ಊರಿನ ಹೆಸರು ಬಿಟ್ಟು ಉಳಿದ ಗುರುತುಗಳನ್ನು ತೆಗೆದಿದ್ದೇನೆ.

ಗದಗದಿಂದ ಒಬ್ಬ ತಾಯಿ: ನನ್ನ ಮಗಳಿಗೆ ಒಂಬತ್ತು ವರ್ಷ. ಎತ್ತರ ಬೆಳೆಯುತ್ತಿರಲಿಲ್ಲ. ಹೊಟ್ಟೆ ಉಬ್ಬರ, ಆಗಾಗ ಭೇದಿ. ಹುಬ್ಬಳ್ಳಿಯಲ್ಲಿ ಎಂಡೋಸ್ಕೋಪಿ ಮಾಡಿಸಿದ ಮೇಲೆ ಸೀಲಿಯಾಕ್ ಎಂದು ಗೊತ್ತಾಯಿತು. ಗೋಧಿ ಬಿಡಿಸಿದ ಮೇಲೆ ಸುಧಾರಿಸಿದ್ದಾಳೆ. ಆದರೆ ಮನೆಯಲ್ಲಿ ಈಗ ಬೇರೆ ರಗಳೆ. ‘ನಮ್ಮ ಮನಿತನದಾಗ ಯಾರಿಗೂ ಹಿಂಗ ಆಗಿಲ್ಲ, ಇದು ನಿನ್ನ ತವರಮನಿ ಕಡಿಯಿಂದನ ಬಂದದ್ದು’ ಎಂದು ನಮ್ಮತ್ತೆ ದಿನಾ ಅನ್ನುತ್ತಾರೆ. ಐದು ವರ್ಷದ ಮಗನೂ ಇದ್ದಾನೆ, ಚೆನ್ನಾಗಿ ಆಡಿಕೊಂಡಿದ್ದಾನೆ. ಅವನಿಗೂ ಬರುತ್ತದಾ? ನನಗೆ ಮದುವೆಗೆ ಮೊದಲಿಂದಲೂ ರಕ್ತ ಕಡಿಮೆ, ಕಬ್ಬಿಣದ ಗುಳಿಗೆ ತಗೊಳ್ಳುತ್ತಲೇ ಇರುತ್ತೇನೆ. ಅದು ಬಿಟ್ಟರೆ ನನಗೂ ನಮ್ಮ ಮನೆಯವರಿಗೂ ಏನೂ ತೊಂದರೆ ಇಲ್ಲ.

ತಂಗೀ, ನಿಮ್ಮ ಪತ್ರದ ಕೊನೆಯಲ್ಲಿ ಸುಮ್ನೆ ಬರೆದ ಒಂದು ಮಾತಿದೆಯಲ್ಲ, ಅದಕ್ಕೆ ಆಮೇಲೆ ಬರುತ್ತೇನೆ. ಮೊದಲು ಅತ್ತೆಯವರ ಮಾತು ಮುಗಿಸೋಣ. ಈ ಉತ್ತರವನ್ನು ಅವರ ಎದುರಿಗೆ ಗಟ್ಟಿಯಾಗಿ ಓದಿದರೂ ನನ್ನ ಅಭ್ಯಂತರವಿಲ್ಲ.

ಈ ಕಾಯಿಲೆಗೆ ವಂಶದ ನಂಟು ಇರುವುದು ನಿಜ. ನಮ್ಮ ಆರನೇ ಕ್ರೋಮೋಸೋಮಿನ ಮೇಲೆ ಎಚ್‌ಎಲ್‌ಎ ಎಂಬ ಜೀನ್‌ಗಳ ಗುಂಪಿದೆ. ಮೈಯೊಳಗೆ ಬಂದದ್ದು ನಮ್ಮದೋ ಹೊರಗಿನದೋ ಎಂದು ರಕ್ಷಣಾ ಕಣಗಳಿಗೆ ತೋರಿಸಿಕೊಡುವುದು ಅವುಗಳ ಕೆಲಸ. ಅದರಲ್ಲಿ ಡಿಕ್ಯೂ2 ಮತ್ತು ಡಿಕ್ಯೂ8 ಎಂಬ ಎರಡು ಬಗೆಗಳು ಗ್ಲುಟೆನ್ನಿನ ತುಣುಕುಗಳನ್ನು ಗಟ್ಟಿಯಾಗಿ ಹಿಡಿದು ತೋರಿಸುತ್ತವೆ. ಸೀಲಿಯಾಕ್ ಇರುವವರಲ್ಲಿ ಹೆಚ್ಚುಕಡಿಮೆ ಎಲ್ಲರಿಗೂ ಇವೆರಡರಲ್ಲಿ ಒಂದಾದರೂ ಇರುತ್ತದೆ. ಬಹಳ ಮಂದಿಗೆ ಇರುವುದು ಡಿಕ್ಯೂ2.

ಈ ಜೀನ್‌ಗಳ ಒಂದು ಪ್ರತಿ ತಾಯಿಯಿಂದ, ಇನ್ನೊಂದು ತಂದೆಯಿಂದ ಬರುತ್ತದೆ. ಇಲ್ಲೊಂದು ಸ್ವಾರಸ್ಯವಿದೆ. ಡಿಕ್ಯೂ2 ಎನ್ನುವುದು ಎರಡು ಭಾಗ ಕೂಡಿ ಆದ ಪ್ರೋಟೀನ್. ಕೆಲವು ಮಕ್ಕಳಲ್ಲಿ ಒಂದು ಭಾಗ ತಾಯಿಯ ಕಡೆಯಿಂದ, ಇನ್ನೊಂದು ಭಾಗ ತಂದೆಯ ಕಡೆಯಿಂದ ಬಂದು ಮಗುವಿನ ಮೈಯಲ್ಲೇ ಜೋಡಿಯಾಗುತ್ತದೆ. ಅಂಥ ಮನೆಯಲ್ಲಿ ತಾಯಿಗೂ ಆ ಜೋಡಿ ಇರುವುದಿಲ್ಲ, ತಂದೆಗೂ ಇರುವುದಿಲ್ಲ, ಮಗುವಿಗೆ ಮಾತ್ರ ಇರುತ್ತದೆ. ಈಗ ಯಾರ ಮನೆತನವನ್ನು ಬೈಯುತ್ತೀರಿ?

ಇನ್ನು ಬೈಯಲೇಬೇಕೆಂದರೆ ಊರಿನ ಮೂರನೇ ಒಂದು ಪಾಲನ್ನು ಬೈಯಬೇಕಾಗುತ್ತದೆ. ಯಾಕೆಂದರೆ ಈ ಜೀನ್‌ಗಳು ಅಷ್ಟು ಸಾಮಾನ್ಯ. ಭಾರತದಲ್ಲಿ 23,000ಕ್ಕೂ ಹೆಚ್ಚು ವಯಸ್ಕರ ಮೇಲೆ ನಡೆಸಿದ ಒಂದು ದೊಡ್ಡ ಅಧ್ಯಯನ 2016ರಲ್ಲಿ ಪ್ರಕಟವಾಯಿತು. ಉತ್ತರ, ಈಶಾನ್ಯ, ದಕ್ಷಿಣ ಭಾರತ, ಮೂರೂ ಕಡೆ ಸುಮಾರು ಮೂರರಲ್ಲಿ ಒಬ್ಬರಿಗೆ ಈ ಜೀನ್ ಇತ್ತು. ಆದರೆ ರಕ್ತದಲ್ಲಿ ಸೀಲಿಯಾಕ್‌ನ ಪ್ರತಿಕಾಯಗಳು, ಅಂದರೆ ರೋಗನಿರೋಧಕ ವ್ಯವಸ್ಥೆ ತಯಾರಿಸುವ ಆ್ಯಂಟಿಬಾಡಿಗಳು, ಕಂಡದ್ದು ಉತ್ತರದಲ್ಲಿ ನೂರಕ್ಕೆ 1.23 ಮಂದಿಗೆ, ಈಶಾನ್ಯದಲ್ಲಿ 0.87, ದಕ್ಷಿಣದಲ್ಲಿ ಬರೀ 0.10. ಜೀನ್ ಒಂದೇ, ಕಾಯಿಲೆ ಹತ್ತು ಪಟ್ಟು ಹೆಚ್ಚುಕಡಿಮೆ! ತಟ್ಟೆ ನೋಡಿದರೆ ಕಾರಣ ಹೊಳೆಯುತ್ತದೆ. ಉತ್ತರದವರು ದಿನಕ್ಕೆ ಸರಾಸರಿ 455 ಗ್ರಾಂ ಗೋಧಿ ತಿನ್ನುತ್ತಿದ್ದರು, ದಕ್ಷಿಣದವರು 25 ಗ್ರಾಂ. ಗೋಧಿಯೊಂದೇ ಕಾರಣ ಎಂದು ಅಧ್ಯಯನ ಸಾಬೀತು ಮಾಡಿಲ್ಲ, ಆದರೆ ಆ ಎರಡು ಅಂಕಿ ಪಕ್ಕಪಕ್ಕ ಇಟ್ಟು ನೋಡಿದರೆ ಸುಮ್ಮನಿರಲು ಆಗುವುದಿಲ್ಲ.

ಎರೆಹೊಲ ಇದ್ದ ಮಾತ್ರಕ್ಕೆ ಬಿಳಿಜೋಳ ಬರುತ್ತದಾ? ಬೀಜ ಬೀಳಬೇಕು, ಹಸಿ ಇರಬೇಕು. ಡಿಕ್ಯೂ2 ಬರೀ ಹೊಲ. ಗ್ಲುಟೆನ್ ಬೀಳಬೇಕು, ಜೊತೆಗೆ ಇನ್ನೂ ನಲವತ್ತಕ್ಕಿಂತ ಹೆಚ್ಚು ಸಣ್ಣ ಸಣ್ಣ ಜೀನ್ ವ್ಯತ್ಯಾಸಗಳ ಪ್ರಭಾವ ಇದೆ. ಅಷ್ಟಾದರೂ ಎಲ್ಲರಿಗೂ ಬರುವುದಿಲ್ಲ. ಒಂದೇ ಅಚ್ಚಿನ ಅವಳಿಗಳಲ್ಲಿ ಒಬ್ಬರಿಗೆ ಬಂದರೆ ಇನ್ನೊಬ್ಬರಿಗೆ ಬರುವುದು ಸುಮಾರು ನಾಲ್ಕರಲ್ಲಿ ಮೂರು ಜೋಡಿಗಳಲ್ಲಿ. ಎಲ್ಲಾ ಜೀನ್ ಒಂದೇ ಇದ್ದರೂ ನಾಲ್ಕನೆಯ ಜೋಡಿ ತಪ್ಪಿಸಿಕೊಳ್ಳುತ್ತದೆ.

ಈಗ ನಿಮ್ಮ ಮಗನ ವಿಷಯ. ಬೇರೆ ಬೇರೆ ದೇಶಗಳ ಅಧ್ಯಯನಗಳನ್ನು ಕೂಡಿಸಿ ನೋಡಿದಾಗ, ರೋಗಿಯ ಒಡಹುಟ್ಟಿದವರಲ್ಲಿ ನೂರಕ್ಕೆ ಸುಮಾರು 9 ಮಂದಿಗೆ, ಮಕ್ಕಳಲ್ಲಿ 8 ಮಂದಿಗೆ, ತಂದೆತಾಯಿಯಲ್ಲಿ 3 ಮಂದಿಗೆ ಸೀಲಿಯಾಕ್ ಸಿಕ್ಕಿದೆ. ತಮ್ಮಂದಿರಿಗಿಂತ ತಂಗಿಯರಲ್ಲಿ ಜಾಸ್ತಿ. ಅಂದರೆ ನಿಮ್ಮ ಮಗನಿಗೆ ಬರದೇ ಇರುವ ಸಾಧ್ಯತೆಯೇ ದೊಡ್ಡದು. ಆದರೂ ಪರೀಕ್ಷೆ ಮಾಡಿಸಿ. ಚೆನ್ನಾಗಿ ಆಡಿಕೊಂಡಿದ್ದಾನೆ ಎನ್ನುವುದು ಸಾಕಾಗುವುದಿಲ್ಲ, ಲಕ್ಷಣವೇ ಇಲ್ಲದೆ ಕರುಳು ಸವೆಯುತ್ತಿರುವ ಮಕ್ಕಳಿದ್ದಾರೆ. ಟಿಟಿಜಿ ಐಜಿಎ ಎಂಬ ರಕ್ತಪರೀಕ್ಷೆ, ಜೊತೆಗೆ ಒಟ್ಟು ಐಜಿಎ ಪ್ರಮಾಣ. ಐಜಿಎ ಅಂದರೆ ಒಂದು ಬಗೆಯ ಪ್ರತಿಕಾಯ. ಎರಡನೆಯದನ್ನು ಬಿಡಬೇಡಿ. ಕೆಲವರ ಮೈಯಲ್ಲಿ ಐಜಿಎ ತಯಾರಾಗುವುದೇ ಇಲ್ಲ, ಅಂಥವರಿಗೆ ಕಾಯಿಲೆ ಇದ್ದರೂ ಮೊದಲನೆಯ ಪರೀಕ್ಷೆ ನೆಗೆಟಿವ್ ಬರುತ್ತದೆ. ಪರೀಕ್ಷೆ ಮುಗಿಯುವ ತನಕ ಅವನ ಚಪಾತಿ ನಿಲ್ಲಿಸಬೇಡಿ. ಅಕ್ಕನಿಗೆ ಬಿಡಿಸಿದಾಗ ತಮ್ಮನಿಗೂ ಬಿಡಿಸುವುದು ನಮ್ಮ ಮನೆಗಳಲ್ಲಿ ತಾನಾಗೇ ನಡೆದುಹೋಗುತ್ತದೆ. ಹಾಗೆ ಮಾಡಿದರೆ ರಕ್ತದಲ್ಲಿ ಏನೂ ಕಾಣುವುದಿಲ್ಲ.

ನೆಗೆಟಿವ್ ಬಂದರೆ ಒಂದೇ ಸಲಕ್ಕೆ ಮುಗಿಯಿತು ಎಂದಲ್ಲ. ಈ ಕಾಯಿಲೆ ಯಾವ ವಯಸ್ಸಿನಲ್ಲಾದರೂ ಶುರುವಾಗಬಹುದು. ಎರಡು ಮೂರು ವರ್ಷಕ್ಕೊಮ್ಮೆ, ಇಲ್ಲವೇ ಬೆಳವಣಿಗೆ ನಿಂತಂತೆ ಕಂಡಾಗ ಮತ್ತೆ ನೋಡಬೇಕು. ಹೀಗೆ ಪದೇಪದೇ ಸೂಜಿ ಚುಚ್ಚಿಸುವುದು ಬೇಡ ಅನಿಸಿದರೆ ಒಮ್ಮೆ ಎಚ್‌ಎಲ್‌ಎ ಪರೀಕ್ಷೆ ಮಾಡಿಸಬಹುದು. ಡಿಕ್ಯೂ2 ಇಲ್ಲ, ಡಿಕ್ಯೂ8 ಇಲ್ಲ ಎಂದು ಬಂದರೆ ಅವನ ಮಟ್ಟಿಗೆ ಈ ಕಡತ ಮುಚ್ಚಿದಂತೆ.

ಇನ್ನು ನಿಮ್ಮ ಆ ಮಾತು. ಮದುವೆಗೆ ಮೊದಲಿಂದ ರಕ್ತ ಕಡಿಮೆ, ಗುಳಿಗೆ ನುಂಗುತ್ತಲೇ ಇದ್ದೀರಿ, ಏರುತ್ತಿಲ್ಲ. ಮಗಳಿಗೆ ಸೀಲಿಯಾಕ್. ಇದನ್ನು ‘ಏನೂ ತೊಂದರೆ ಇಲ್ಲ’ ಎನ್ನುತ್ತೀರಲ್ಲ! ಕಬ್ಬಿಣದಂಶ ಮೈಗೆ ಸೇರುವುದು ಸಣ್ಣ ಕರುಳಿನ ಮೊದಲ ಭಾಗದಲ್ಲಿ. ಸೀಲಿಯಾಕ್ ಹೆಚ್ಚಾಗಿ ಹಾಳು ಮಾಡುವುದೂ ಅದೇ ಜಾಗವನ್ನು. ದೊಡ್ಡವರಲ್ಲಿ ಭೇದಿಯೇ ಇಲ್ಲದೆ ಬರೀ ರಕ್ತಹೀನತೆಯಾಗಿ ಈ ಕಾಯಿಲೆ ಕೂತಿರುವುದುಂಟು. ಬಾಯಿಹುಣ್ಣು, ಮೂಳೆ ಸವೆತ, ಪದೇಪದೇ ಗರ್ಭಪಾತ, ಹೀಗೂ ತೋರಿಸಿಕೊಳ್ಳುತ್ತದೆ. ನಮ್ಮ ಹೆಣ್ಣುಮಕ್ಕಳಿಗೆ ರಕ್ತ ಕಡಿಮೆಯಾಗಲು ಬೇರೆ ಕಾರಣಗಳು ಬೇಕಾದಷ್ಟಿವೆ. ಮುಟ್ಟಿನಲ್ಲಿ ಜಾಸ್ತಿ ಹೋಗುವುದು, ಎಲ್ಲರೂ ಉಂಡ ಮೇಲೆ ಉಳಿದದ್ದು ಉಣ್ಣುವುದು, ಹೊಟ್ಟೆಹುಳ. ಹಾಗಾಗಿ ಇದೇ ಎಂದು ನಾನು ಪತ್ರ ನೋಡಿ ಹೇಳಲಾರೆ. ಆದರೆ ಮಗನ ಜೊತೆ ಅದೇ ದಿನ ನಿಮ್ಮ ರಕ್ತವೂ ಹೋಗಲಿ. ನಿಮ್ಮ ಯಜಮಾನರದ್ದೂ ಕೊಡಿಸಿ.

ಅತ್ತೆಯವರಿಗೆ ಅಡುಗೆಮನೆಯಲ್ಲಿ ಒಂದು ಕೆಲಸ ಕೊಡಿ. ಮೊಮ್ಮಗಳಿಗೆ ಗೋಧಿ ಸೋಂಕದ ರೊಟ್ಟಿ ಮಾಡುವ ಜವಾಬ್ದಾರಿ ಅವರದ್ದಾಗಲಿ. ಬಿಡುವಾಗಿದ್ದರೆ ಮನೆತನದ ಲೆಕ್ಕ ಹಾಕುತ್ತ ಕೂರುತ್ತಾರೆ.

ಹಾವೇರಿಯಿಂದ ಒಬ್ಬ ಶಿಕ್ಷಕರು: ಬೆಂಗಳೂರಿನಲ್ಲಿರುವ ನನ್ನ ಅಕ್ಕನಿಗೆ ಸೀಲಿಯಾಕ್ ಇದೆ. ಒಡಹುಟ್ಟಿದವರೂ ತೋರಿಸಿಕೊಳ್ಳಿ ಎಂದು ಅಲ್ಲಿನ ಡಾಕ್ಟರು ಹೇಳಿದರು. ನಾನು ಮುಂಜಾಗ್ರತೆಗೆ ಆರು ತಿಂಗಳಿಂದ ಗೋಧಿ ಬಿಟ್ಟಿದ್ದೇನೆ. ಹೊಟ್ಟೆ ಹಗುರವಾಗಿದೆ. ಹೋದ ವಾರ ರಕ್ತಪರೀಕ್ಷೆ ಮಾಡಿಸಿದೆ, ನೆಗೆಟಿವ್. ಪಾರಾದೆ ಅಲ್ವಾ ಮೇಡಂ?

ಇಲ್ಲ ಸರ್. ನೀವು ಮಕ್ಕಳಿಗೆ ಪುಸ್ತಕವನ್ನೇ ಕೊಡದೆ ಪರೀಕ್ಷೆ ಬರೆಸಿದ್ದೀರಿ. ಟಿಟಿಜಿ ಪ್ರತಿಕಾಯ ಗ್ಲುಟೆನ್ ತಿನ್ನುತ್ತಿದ್ದರೆ ಮಾತ್ರ ಏರಿರುತ್ತದೆ. ಬಿಟ್ಟ ಮೇಲೆ ತಿಂಗಳು ತಿಂಗಳಿಗೆ ಇಳಿಯುತ್ತದೆ. ಆರು ತಿಂಗಳ ಮೇಲೆ ಬಂದ ನೆಗೆಟಿವ್‌ನಿಂದ ನಿಮಗೆ ಕಾಯಿಲೆ ಇಲ್ಲವೆಂದೂ ಹೇಳಲಾಗದು, ಇತ್ತೆಂದೂ ಹೇಳಲಾಗದು.

ಹೊಟ್ಟೆ ಹಗುರವಾದದ್ದೂ ಪುರಾವೆ ಅಲ್ಲ. ಗೋಧಿಯಲ್ಲಿ ಗ್ಲುಟೆನ್ ಅಲ್ಲದೆ ಫ್ರಕ್ಟಾನ್ ಎಂಬ ಸಕ್ಕರೆಯಂಶವೂ ಇದೆ. ಅದು ದೊಡ್ಡ ಕರುಳಿನಲ್ಲಿ ಹುದುಗಿ ಗ್ಯಾಸ್ ಮಾಡುತ್ತದೆ. ಈರುಳ್ಳಿ, ಬೆಳ್ಳುಳ್ಳಿಯಲ್ಲೂ ಅದೇ ಇರುತ್ತದೆ. ಗೋಧಿ ಬಿಟ್ಟಾಗ ಬಹಳ ಮಂದಿಗೆ ಹಗುರ ಅನಿಸುವುದು ಇದರಿಂದ. ಗೋಧಿಯ ಜೊತೆ ಬೇಕರಿ ತಿಂಡಿಯೂ ಬಿಟ್ಟುಹೋಗಿರುತ್ತದೆ, ಅದರದ್ದೂ ಒಂದು ಪಾಲು ಇರಬಹುದು.

ಈಗ ಮಾಡಬೇಕಾದದ್ದು ಎಚ್‌ಎಲ್‌ಎ ಪರೀಕ್ಷೆ. ಜೀನ್ ಊಟಕ್ಕೆ ತಕ್ಕಂತೆ ಬದಲಾಗುವುದಿಲ್ಲ, ಆದ್ದರಿಂದ ಗೋಧಿ ಬಿಟ್ಟವರಿಗೂ ಅದು ಸರಿಯಾದ ಉತ್ತರ ಕೊಡುತ್ತದೆ. ಎರಡೂ ಇಲ್ಲ ಎಂದು ಬಂದರೆ ಅವತ್ತೇ ಮನೆಯಲ್ಲಿ ಚಪಾತಿ ಮಾಡಿಸಿಕೊಳ್ಳಿ. ಇದೆ ಎಂದು ಬಂದರೆ, ಹೊಟ್ಟೆ ಕರುಳಿನ ತಜ್ಞರನ್ನು ಕಂಡು ಅವರ ಉಸ್ತುವಾರಿಯಲ್ಲಿ ಮತ್ತೆ ಗೋಧಿ ಶುರು ಮಾಡಬೇಕಾಗುತ್ತದೆ. ದಿನಕ್ಕೆ ಒಂದೆರಡು ಚಪಾತಿಯಂತೆ ಆರರಿಂದ ಎಂಟು ವಾರ, ಆಮೇಲೆ ರಕ್ತ. ಅದು ಪಾಸಿಟಿವ್ ಬಂದರೆ ಎಂಡೋಸ್ಕೋಪಿಯಲ್ಲಿ ಕರುಳಿನ ಚೂರು ತೆಗೆದು ನೋಡುತ್ತಾರೆ. ‘ಹೇಗೂ ಬಿಟ್ಟಿದ್ದೇನೆ, ಇಷ್ಟೆಲ್ಲ ಯಾಕೆ’ ಅನಿಸಬಹುದು. ಸೀಲಿಯಾಕ್ ಇದ್ದವರು ಒಂದು ಚಮಚ ರವೆ ಉಪ್ಪಿಟ್ಟನ್ನೂ ಬಾಯಿಗೆ ಹಾಕುವಂತಿಲ್ಲ. ಇಲ್ಲದವರು ಯಾರದೋ ಮದುವೆ ಊಟದಲ್ಲಿ ಹೋಳಿಗೆ ತಿಂದರೆ ಏನೂ ಆಗುವುದಿಲ್ಲ. ನೀವು ಯಾವ ಸಾಲಿನವರು ಎಂದು ಗೊತ್ತಿರಬೇಕು. ನಿಮ್ಮ ಮಕ್ಕಳಿಗೆ ಪರೀಕ್ಷೆ ಬೇಕೋ ಬೇಡವೋ ಎಂಬುದೂ ಅದರ ಮೇಲೇ ನಿಂತಿದೆ.

ಧಾರವಾಡ ತಾಲ್ಲೂಕಿನ ಒಬ್ಬ ರೈತರು: ನಮ್ಮ ತಂಗಿಯ ಮಗನಿಗೆ ಈ ರೋಗ ಇದೆ ಎಂದಿದ್ದಾರೆ. ನಮ್ಮ ಹೊಲದಲ್ಲಿ ಜವೆ ಗೋಧಿ ಬೆಳೆಯುತ್ತೇವೆ. ಹಳೇ ಕಾಲದ ಗೋಧಿ, ಸಕ್ಕರೆ ಕಾಯಿಲೆಯವರೂ ಕೇಳಿ ಒಯ್ಯುತ್ತಾರೆ. ಈಗಿನ ಹೈಬ್ರಿಡ್ ಗೋಧಿಯಿಂದಲೇ ಈ ರೋಗ ಬಂದದ್ದು, ಜವೆ ತಿಂದರೆ ಏನೂ ಆಗುವುದಿಲ್ಲ ಎಂದು ಕೇಳಿದ್ದೇನೆ. ಹುಡುಗನಿಗೆ ಕೊಡಬಹುದಾ? ಜೋಳದ ರೊಟ್ಟಿಯನ್ನಂತೂ ತಿನ್ನುತ್ತಾನೆ, ಆದರೂ ಅವನ ರಕ್ತದ ರಿಪೋರ್ಟ್ ಪೂರ್ತಿ ಇಳಿದಿಲ್ಲ.

ಜವೆ ಬೇಡ. ಕಪ್ಲಿ, ಸದಕ ಎಂದು ಯಾವ ಹೆಸರಿನಿಂದ ಕರೆದರೂ ಅದು ಗೋಧಿಯೇ, ಅದರಲ್ಲಿ ಗ್ಲುಟೆನ್ ಇದ್ದೇ ಇದೆ. ನಿಮ್ಮ ಹೊಲದಲ್ಲಿರುವುದು ಡಿಡಿಕೆ 1025 ಅಥವಾ 1029 ಇರಬಹುದು, ಧಾರವಾಡ ಕೃಷಿ ವಿಶ್ವವಿದ್ಯಾಲಯದಿಂದ ಬಂದ ಜವೆ ತಳಿಗಳು. ಒಳ್ಳೆಯ ಗೋಧಿ, ಹುಗ್ಗಿಗಂತೂ ಅದೇ ಸೈ. ಬೆಳೆಯಿರಿ, ಮಾರಿ, ನೀವು ಉಣ್ಣಿ. ಆ ಹುಡುಗನ ತಟ್ಟೆಗೆ ಮಾತ್ರ ಬೀಳಬಾರದು.

ಹೈಬ್ರಿಡ್ ಮಾತು ಬಹಳ ಕಡೆ ಕೇಳುತ್ತೇನೆ. ತಾರೀಕು ನೋಡಿದರೆ ಅದು ನಿಲ್ಲುವುದಿಲ್ಲ. ಈ ಕಾಯಿಲೆಯನ್ನು ಲಂಡನ್ನಿನ ಸ್ಯಾಮ್ಯುಯೆಲ್ ಗೀ ಎಂಬ ವೈದ್ಯ 1888ರಲ್ಲೇ ಸ್ಪಷ್ಟವಾಗಿ ವಿವರಿಸಿದ್ದಾನೆ. ಗೋಧಿಯೇ ಕಾರಣವೆಂದು ಗಟ್ಟಿಮಾಡಿದ್ದು ನೆದರ್ಲೆಂಡ್ಸ್‌ನ ಮಕ್ಕಳ ವೈದ್ಯ ವಿಲೆಮ್ ಡಿಕೆ. ಅವನಿಗೆ ಮೊದಲೇ ಗುಮಾನಿ ಇತ್ತು. ಎರಡನೇ ಮಹಾಯುದ್ಧದ ಕೊನೆಗೆ, 1944-45ರ ಚಳಿಗಾಲದಲ್ಲಿ ಅಲ್ಲಿ ಬ್ರೆಡ್ ಸಿಗದಷ್ಟು ಬರಗಾಲ ಬಂತು. ಊರೆಲ್ಲ ಸೊರಗಿದಾಗ ಈ ಮಕ್ಕಳು ಮಾತ್ರ ಸುಧಾರಿಸಿದರು. ಬ್ರೆಡ್ ಮರಳಿ ಬಂದಾಗ ಮತ್ತೆ ಮಲಗಿದರು. 1950ರಲ್ಲಿ ಅವನು ಇದನ್ನೆಲ್ಲ ಪ್ರಬಂಧವಾಗಿ ಬರೆದ. ಗಿಡ್ಡ ತಳಿಯ ಹೊಸ ಗೋಧಿ ನಮ್ಮ ದೇಶಕ್ಕೆ ಬಂದದ್ದು ಅರವತ್ತರ ದಶಕದಲ್ಲಿ.

ಜೋಳ ತಿಂದರೂ ರಿಪೋರ್ಟ್ ಇಳಿಯುತ್ತಿಲ್ಲ ಎಂದಿರಿ. ಗೋಧಿ ಬಿಟ್ಟ ಮೇಲೆ ಪ್ರತಿಕಾಯ ಪೂರ್ತಿ ಇಳಿಯಲು ವರ್ಷ, ಕೆಲವರಿಗೆ ಇನ್ನೂ ಹೆಚ್ಚು ಬೇಕು. ಅದು ಒಂದು ಕಾರಣ. ಆದರೆ ನನಗೆ ಗುಮಾನಿ ಇರುವುದು ಗಿರಣಿಯ ಮೇಲೆ. ನಮ್ಮ ಭಾಗದ ಪುಣ್ಯ, ಜೋಳ, ಸಜ್ಜೆ, ನವಣೆ, ಸಾವೆ, ರಾಗಿ, ಗೋವಿನಜೋಳ, ಅಕ್ಕಿ ಯಾವುದರಲ್ಲೂ ಈ ಮಕ್ಕಳಿಗೆ ಆಗದ ಗ್ಲುಟೆನ್ ಇಲ್ಲ. ಪಂಜಾಬಿನ ತಾಯಿ ತಲೆ ಕೆಡಿಸಿಕೊಳ್ಳುವ ಕಡೆ ನಮ್ಮ ತಾಯಂದಿರಿಗೆ ರೊಟ್ಟಿ ಇದೆ. ಆದರೆ ಆ ಜೋಳ ಬೀಸುವುದು ಎಲ್ಲಿ? ನಿಮ್ಮ ಮುಂದೆ ಸಾಲಿನಲ್ಲಿ ನಿಂತವರು ಗೋಧಿ ಬೀಸಿಕೊಂಡು ಹೋಗಿರುತ್ತಾರೆ. ಕಲ್ಲಿನ ನಡುವೆ, ಹಿಟ್ಟು ಬೀಳುವ ಬಟ್ಟೆಚೀಲದಲ್ಲಿ ಅವರ ಹಿಟ್ಟು ಉಳಿದಿರುತ್ತದೆ. ಅದು ನಿಮ್ಮ ಡಬ್ಬಿಗೆ ಬರುತ್ತದೆ.

ಎಷ್ಟು ಬಂದೀತು ಎನ್ನಬೇಡಿ. ಒಂದು ಚಪಾತಿಗೆ 30 ಗ್ರಾಂ ಹಿಟ್ಟು ಎಂದುಕೊಳ್ಳಿ, ಅದರಲ್ಲಿ ಗ್ಲುಟೆನ್ ಸುಮಾರು 3 ಗ್ರಾಂ, ಅಂದರೆ 3,000 ಮಿಲಿಗ್ರಾಂ. ದಿನಕ್ಕೆ 50 ಮಿಲಿಗ್ರಾಂ ಗ್ಲುಟೆನ್ ಮೂರು ತಿಂಗಳು ಹೋದರೆ ಕರುಳು ಸವೆಯುತ್ತದೆ ಎಂದು ಪ್ರಯೋಗದಲ್ಲಿ ಕಂಡಿದೆ. ಚಪಾತಿಯ ಅರವತ್ತರಲ್ಲಿ ಒಂದು ಪಾಲು! ಒಂದು ಸಣ್ಣ ತುಣುಕು. ಹಾಗಾಗಿ ಆಗುವುದಾದರೆ ಮನೆಗೇ ಒಂದು ಘರಘಂಟಿ (ಮನೆಬಳಕೆಯ ಪುಟ್ಟ ಗಿರಣಿ) ತನ್ನಿ, ಅದರಲ್ಲಿ ಯಾವತ್ತೂ ಗೋಧಿ ಹಾಕಬೇಡಿ. ದುಬಾರಿ ಅನಿಸಿದರೆ ಅಟ್ಟದ ಮೇಲಿನ ಬೀಸುವ ಕಲ್ಲು ಇಳಿಸಿ, ತೊಳೆದು ಒಣಗಿಸಿ. ಒಬ್ಬ ಹುಡುಗನಿಗೆ ಬೇಕಾದಷ್ಟು ಹಿಟ್ಟು ಅದರಲ್ಲಿ ಆಗುತ್ತದೆ. ಗಿರಣಿಯವರನ್ನು ಕೇಳಿಕೊಂಡು ಬೆಳಿಗ್ಗೆ ಮೊದಲಿಗೇ ಬೀಸಿಸುತ್ತೇವೆ ಎನ್ನುವವರಿದ್ದಾರೆ. ಹಿಂದಿನ ದಿನದ ಹಿಟ್ಟು ಒಳಗೇ ಇರುತ್ತದೆ, ನಾನಂತೂ ನಂಬುವುದಿಲ್ಲ.

ನೀವು ರೈತರು, ಇನ್ನೊಂದು ಮಾತು ನಿಮಗೆ ಬೇಗ ಅರ್ಥವಾದೀತು. ಹಿಂಗಾರಿನಲ್ಲಿ ಜೋಳ, ಗೋಧಿ ಒಂದರ ಪಕ್ಕ ಒಂದು ಇರುತ್ತವೆ, ರಾಶಿ ಮಾಡುವ ಮಷಿನ್ನೂ ಒಂದೇ. ಜೋಳ ಹಸನು ಮಾಡುವಾಗ ಬರೀ ಹರಳು ಆರಿಸಿದರೆ ಸಾಲದು, ಗೋಧಿ ಕಾಳೂ ಆರಿಸಬೇಕು. ಹುಡುಗನ ಹಂಚು, ಲಟ್ಟಣಿಗೆ, ಪರಾತ ಬೇರೆ ಇಡಲು ತಂಗಿಗೆ ಹೇಳಿ. ಇಂಗಿನ ಡಬ್ಬಿಯ ಹಿಂಭಾಗವನ್ನೂ ಓದಲಿ. ಅಂಗಡಿಯ ಇಂಗಿನಲ್ಲಿ ಬಹಳ ಸಲ ಗೋಧಿ ಹಿಟ್ಟೋ ಮೈದಾನೋ ಸೇರಿರುತ್ತದೆ. ಸಾರಿಗೆ ಹಾಕುವ ಚಿಟಿಕೆ ಇಂಗು ಯಾರಿಗೂ ನೆನಪಾಗುವುದಿಲ್ಲ.

ರಾಣೆಬೆನ್ನೂರಿನಿಂದ ಒಬ್ಬ ಯುವಕ: ಆನ್‌ಲೈನಿನಲ್ಲಿ ಜೊಲ್ಲಿನ ಡಿಎನ್‌ಎ ಪರೀಕ್ಷೆ ಮಾಡಿಸಿದೆ. ‘ಸೀಲಿಯಾಕ್ ಅಪಾಯ ಹೆಚ್ಚು, ಡಿಕ್ಯೂ2 ಪಾಸಿಟಿವ್’ ಎಂದು ಕೆಂಪಕ್ಷರದಲ್ಲಿ ಬಂದಿದೆ. ನಮ್ಮ ಮನೆಯಲ್ಲಿ ಯಾರಿಗೂ ಇಲ್ಲ. ಈಗಲೇ ಗೋಧಿ ಬಿಡಲೇ?

ಬಿಡಬೇಡ ತಮ್ಮಾ. ಮೇಲೆ ಹೇಳಿದೆನಲ್ಲ, ಮೂರರಲ್ಲಿ ಒಬ್ಬರಿಗೆ ಈ ಜೀನ್ ಇರುತ್ತದೆ. ಇದ್ದವರಲ್ಲಿ ಸೀಲಿಯಾಕ್ ಆಗುವುದು ನೂರಕ್ಕೆ ಎರಡು ಮೂರು ಮಂದಿಗೆ. ನಿನ್ನ ತರಗತಿಯಲ್ಲಿ ಅರವತ್ತು ಹುಡುಗರಿದ್ದರೆ ಇಪ್ಪತ್ತು ಮಂದಿಗೆ ಅದೇ ಕೆಂಪಕ್ಷರ ಬರುತ್ತಿತ್ತು. ಈ ಪರೀಕ್ಷೆಯ ಬೆಲೆ ಇರುವುದು ‘ಇಲ್ಲ’ ಎಂದು ಬಂದಾಗ. ‘ಇದೆ’ ಎಂದು ಬಂದಾಗ ಅದರಿಂದ ರೋಗ ತಿಳಿಯುವುದಿಲ್ಲ. ಹೊಟ್ಟೆಯ ತೊಂದರೆ, ತೂಕ ಇಳಿಯುವುದು, ರಕ್ತಹೀನತೆ, ಥೈರಾಯ್ಡ್, ಚಿಕ್ಕಂದಿನಲ್ಲೇ ಬರುವ ಟೈಪ್ 1 ಸಕ್ಕರೆ ಕಾಯಿಲೆ, ಇದರಲ್ಲಿ ಏನಾದರೂ ಇದ್ದರೆ ಟಿಟಿಜಿ ಮಾಡಿಸು. ಏನೂ ಇಲ್ಲದಿದ್ದರೆ ರಿಪೋರ್ಟ್ ಮಡಚಿಡು.

ಹುಬ್ಬಳ್ಳಿಯಿಂದ ಒಬ್ಬ ತಂದೆ: ನನ್ನ ಮಗನಿಗೆ ನನ್ನ ತಂಗಿಯ ಮಗಳನ್ನು ತಂದುಕೊಳ್ಳಬೇಕೆಂದು ಎರಡೂ ಮನೆಯಲ್ಲಿ ಆಸೆ. ಹುಡುಗ ಹುಡುಗಿಗೂ ಇಷ್ಟ. ಆದರೆ ಹುಡುಗಿಗೆ ಸೀಲಿಯಾಕ್ ಇದೆ. ಹುಟ್ಟುವ ಮಕ್ಕಳಿಗೆ ಬರುತ್ತದೆಯೇ? ಅವಳಿಗೆ ಮಕ್ಕಳಾಗಲು ತೊಂದರೆಯೇ?

ಕೊನೆಯದಕ್ಕೆ ಮೊದಲು ಉತ್ತರಿಸುತ್ತೇನೆ. ಪಥ್ಯ ಸರಿಯಾಗಿ ನಡೆಸುತ್ತಿದ್ದು, ಕರುಳು ಸುಧಾರಿಸಿದ್ದರೆ ಮಕ್ಕಳಾಗಲು ಈ ಕಾಯಿಲೆ ಅಡ್ಡ ಬರುವುದಿಲ್ಲ. ಪತ್ತೆಯಾಗದೆ, ಚಿಕಿತ್ಸೆ ಇಲ್ಲದೆ ಉಳಿದಾಗ ಗರ್ಭಪಾತ, ಕಡಿಮೆ ತೂಕದ ಕೂಸು ಇವೆಲ್ಲ ಜಾಸ್ತಿ.

ಮಕ್ಕಳಿಗೆ ಬರುವ ಸಾಧ್ಯತೆ, ಅವಳು ಯಾರನ್ನು ಮದುವೆಯಾದರೂ, ನೂರಕ್ಕೆ ಸುಮಾರು 8. ಸಂಬಂಧದಲ್ಲಿ ಆದರೆ ನಿಮ್ಮ ಮಗನಲ್ಲೂ ಅದೇ ಜೀನ್ ಇರುವ ಸಂಭವ ಸ್ವಲ್ಪ ಏರುತ್ತದೆ. ಮಗುವಿಗೆ ಎರಡೂ ಕಡೆಯಿಂದ ಡಿಕ್ಯೂ2 ಬಂದರೆ ಅಪಾಯ ಒಂದು ಪ್ರತಿ ಇದ್ದವರಿಗಿಂತ ಜಾಸ್ತಿ. ಬೇಕಿದ್ದರೆ ಹುಡುಗನ ಎಚ್‌ಎಲ್‌ಎ ನೋಡಿಸಬಹುದು. ಆದರೆ ಅದರ ಮೇಲೆ ಮದುವೆ ನಿಲ್ಲಿಸುವುದು ನನಗೆ ಸರಿ ಕಾಣುವುದಿಲ್ಲ. ಸಂಬಂಧದ ಮದುವೆ ಬಗ್ಗೆ ಯೋಚಿಸಲು ಇದಕ್ಕಿಂತ ದೊಡ್ಡ ಕಾರಣಗಳಿವೆ. ತಂದೆ ತಾಯಿ ಇಬ್ಬರಿಂದಲೂ ಕೆಟ್ಟ ಪ್ರತಿ ಬಂದಾಗಲೇ ಕಾಣಿಸುವ ರೋಗಗಳು, ಹುಟ್ಟುಕಿವುಡಿನಂಥವು, ಒಂದೇ ರಕ್ತದಲ್ಲಿ ಮದುವೆಯಾದಾಗ ಹೆಚ್ಚುತ್ತವೆ. ಎರಡೂ ಮನೆಯಲ್ಲಿ ಅಂಥ ಮಕ್ಕಳು ಇದ್ದರೇ ಎಂದು ನೆನಪಿಸಿಕೊಂಡು, ಒಮ್ಮೆ ಜೆನೆಟಿಕ್ ಕೌನ್ಸೆಲಿಂಗ್‌ಗೆ ಹೋಗಿಬನ್ನಿ.

ನನ್ನ ಕೇಳಿದರೆ, ನೀವು ಜೀನ್‌ಗಿಂತ ಅಡುಗೆಮನೆಯ ಬಗ್ಗೆ ಮಾತಾಡಬೇಕು. ಸೊಸೆ ಬಂದ ಮೊದಲ ವರ್ಷ ಎಲ್ಲಾ ಬಳಗದವರು ಉಡಿ ತುಂಬಲು ಕರೆಯುತ್ತಾರೆ, ಹೋಳಿಗೆ ಬಡಿಸುತ್ತಾರೆ, ಬೇಡ ಅಂದರೆ ಸೊಕ್ಕು ಅನ್ನುತ್ತಾರೆ. ‘ಒಂದು ತುತ್ತು ತಿಂದರೆ ಏನೂ ಆಗಲ್ಲ’ ಎನ್ನುವವರಿಗೆ ಎದುರು ನಿಂತು ಉತ್ತರ ಕೊಡುವವರು ಯಾರು? ನಿಮ್ಮ ಮನೆಯವರು ಆ ಕೆಲಸ ಒಪ್ಪಿಕೊಂಡರೆ ಮುಹೂರ್ತ ನೋಡಿಸಿ.

ಲಕ್ಷ್ಮೇಶ್ವರದಿಂದ ಒಬ್ಬ ಅಜ್ಜಿ: ಮಗಳಿಗೆ ಈ ಕಾಯಿಲೆ ಇದೆ. ಮೊಮ್ಮಗನಿಗೆ ಆರು ತಿಂಗಳು ತುಂಬಿತು. ಎರಡು ವರ್ಷ ಗೋಧಿ ತೋರಿಸದಿದ್ದರೆ ರೋಗ ತಪ್ಪುತ್ತದೆ ಎನ್ನುತ್ತಾರೆ. ಹೌದೇ? ಎದೆಹಾಲು ಕುಡಿದರೆ ಬರುವುದಿಲ್ಲವಂತೆ?

ಅಮ್ಮಾ, ಎರಡಕ್ಕೂ ಇಲ್ಲ ಎಂದೇ ಹೇಳಬೇಕು. ವಂಶದಲ್ಲಿ ಸೀಲಿಯಾಕ್ ಇದ್ದ ಕೂಸುಗಳ ಮೇಲೆ ಯುರೋಪಿನಲ್ಲಿ ನಡೆದ ಎರಡು ದೊಡ್ಡ ಪ್ರಯೋಗಗಳ ಫಲಿತಾಂಶ 2014ರಲ್ಲಿ ಬಂತು. ಗೋಧಿ ಬೇಗ ಕೊಟ್ಟರೂ ತಡವಾಗಿ ಕೊಟ್ಟರೂ ಕೊನೆಗೆ ಕಾಯಿಲೆ ಬರುವ ಪ್ರಮಾಣ ಬದಲಾಗಲಿಲ್ಲ. ಎದೆಹಾಲೂ ಇದನ್ನು ತಡೆಯಲಿಲ್ಲ. ಎದೆಹಾಲಿಗೆ ನೂರೆಂಟು ಬೇರೆ ಗುಣಗಳಿವೆ, ಅದಕ್ಕಾಗಿ ಕುಡಿಸಿ. ಮೊದಲು ಅಕ್ಕಿ, ರಾಗಿ, ಬೇಳೆ ರೂಢಿಯಾಗಲಿ. ವರ್ಷ ತುಂಬುವುದರೊಳಗೆ ಗೋಧಿಯನ್ನೂ ಸ್ವಲ್ಪ ಸ್ವಲ್ಪವೇ ತೋರಿಸಿ, ಶುರುವಿಗೇ ಬಟ್ಟಲುಗಟ್ಟಲೆ ಬೇಡ. ಎರಡು ಮೂರು ವರ್ಷ ತುಂಬಿದಾಗ ಒಮ್ಮೆ ರಕ್ತಪರೀಕ್ಷೆ. ಅದಕ್ಕೂ ಮೊದಲು ತೂಕ ಏರುವುದು ನಿಂತರೆ ಕಾಯಬೇಡಿ. ಕೂಸಿಗೆ ಗೋಧಿ ಗಂಜಿ ಕಲಸಿದ ಕೈಯಲ್ಲೇ ಮಗಳಿಗೆ ಬಡಿಸಬೇಡಿ, ಅಷ್ಟು ನೋಡಿಕೊಳ್ಳಿ.

ಉಳಿದ ಸಣ್ಣ ಪ್ರಶ್ನೆಗಳಿಗೆ ಚುಟುಕಾಗಿ.

ಗಿರ್ಮಿಟ್, ಧಾರವಾಡ ಪೇಡಾ ತಿನ್ನಬಹುದಾ? ಚುರುಮುರಿ ಅಕ್ಕಿಯದು, ಗಿರ್ಮಿಟ್ ಮನೆಯಲ್ಲಿ ಮಾಡಿದರೆ ಆಗಬಹುದು. ಅಂಗಡಿಯಲ್ಲಾದರೆ ಇಂಗು, ಮೇಲೆ ಉದುರಿಸುವ ಸೇವು ಕೇಳಿನೋಡಿ. ಜೊತೆಗಿನ ಮಿರ್ಚಿ ಭಜಿ ಕಡಲೆಹಿಟ್ಟಿನದೇ, ಆದರೆ ಅದೇ ಎಣ್ಣೆಯಲ್ಲಿ ಪೂರಿ, ಸಮೋಸ ಕರಿದಿದ್ದರೆ ಬೇಡ. ಪೇಡಾ ಹಾಲು ಸಕ್ಕರೆಯದು, ಹಿಟ್ಟು ಬೆರೆಸದ ಕಡೆ ತಗೊಳ್ಳಿ.

ಪೂಜೆಯ ಶಿರಾ ಪ್ರಸಾದ? ರವೆ ಅಂದರೆ ಗೋಧಿಯೇ. ಕಣ್ಣಿಗೊತ್ತಿಕೊಂಡು ಪಕ್ಕದವರಿಗೆ ಕೊಡಿ. ಬಾಳೆಹಣ್ಣೂ ಪ್ರಸಾದವೇ ಅಲ್ವಾ?

ಓಟ್ಸ್? ಮಕ್ಕಳ ಮಾಲ್ಟ್ ಪುಡಿ? ಓಟ್ಸ್‌ನಲ್ಲಿ ಬಹಳ ಸಲ ಗೋಧಿ, ಬಾರ್ಲಿ ಬೆರೆತಿರುತ್ತದೆ. ಗ್ಲುಟೆನ್ ಫ್ರೀ ಎಂದು ಹಾಕಿದ್ದನ್ನು ಮಾತ್ರ, ಅದೂ ಡಾಕ್ಟರನ್ನು ಕೇಳಿ. ನಮ್ಮ ಕಾನೂನಿನಲ್ಲಿ ಹಾಗೆ ಹಾಕಬೇಕಾದರೆ ಕಿಲೋಗೆ 20 ಮಿಲಿಗ್ರಾಂ ಗ್ಲುಟೆನ್ ದಾಟುವಂತಿಲ್ಲ. ಹಾಲಿಗೆ ಬೆರೆಸುವ ಮಾಲ್ಟ್ ಪುಡಿಗಳು ಹೆಚ್ಚಿನವು ಬಾರ್ಲಿ, ಗೋಧಿಯವು, ಬೇಡ. ಮನೆಯಲ್ಲಿ ಮಾಡಿದ ರಾಗಿ ಮಾಲ್ಟ್ ಆಗುತ್ತದೆ, ರಾಗಿ ಎಲ್ಲಿ ಬೀಸಿಸಿದಿರಿ ಎಂಬುದೊಂದು ಪ್ರಶ್ನೆ.

ಟಿಟಿಜಿ ಪರೀಕ್ಷೆಗೆ ಖಾಲಿ ಹೊಟ್ಟೆಯಲ್ಲಿ ಹೋಗಬೇಕಾ? ಬೇಡ. ಉಪ್ಪಿಟ್ಟು ತಿಂದೇ ಹೋಗಿ.